‘ಸರ್ಕಾರ ಅಂದ್ರೆ ನಮ್ದೂ ಅಲ್ವಾ ಸ್ವಾಮಿ?’

ಕಳೆದ ಮಂಗಳವಾರ ಕಲಾಪ ಆರಂಭವಾಗುವ ಮುನ್ನ ನ್ಯಾಯಾಲಯದ ಜಗುಲಿಯಲ್ಲಿ ಒಬ್ಬ ತಾಯಿ ಮಡಚಿದ ಐನೂರರ ನೋಟನ್ನು ನನ್ನ ಕೈಗೆ ತುರುಕಲು ಬಂದರು. ಕಳ್ಳತನದ ಆರೋಪದಲ್ಲಿ ಜೈಲಿನಲ್ಲಿರುವ ಹತ್ತೊಂಬತ್ತರ ಮಗನನ್ನು ಬಿಡಿಸಿಕೊಡಬೇಕಂತೆ. ನಾನು ಸರ್ಕಾರದ ಪರ, ನಿಮ್ಮ ಮಗನ ವಿರುದ್ಧ ವಾದಿಸಬೇಕಾದವನು ಎಂದೆ. ಅವರು ನನ್ನ ಮುಖವನ್ನೇ ನೋಡಿ, ‘ಸರ್ಕಾರ ಅಂದ್ರೆ ನಮ್ದೂ ಅಲ್ವಾ ಸ್ವಾಮಿ?’ ಎಂದರು. ಪಕ್ಕದಲ್ಲಿದ್ದ ಹಿರಿಯ ವಕೀಲರು ನಕ್ಕರು. ಅವರು ಕೆಟ್ಟವರಲ್ಲ, ಆದರೆ ಆ ನಗು ನನಗೆ ಹಿಡಿಸಲಿಲ್ಲ. ತಾಯಿಯನ್ನು, ಬಡವರಿಗೆ ಉಚಿತವಾಗಿ ವಕೀಲರನ್ನು ಒದಗಿಸುವ ಕಾನೂನು ಸೇವಾ ಸಮಿತಿಯ ಕೊಠಡಿಗೆ ಕಳಿಸಿ ಒಳಗೆ ಹೋದೆನಾದರೂ ಆ ಮಾತು ಇಡೀ ದಿನ ಬೆನ್ನು ಬಿಡಲಿಲ್ಲ.

ಸರ್ಕಾರಿ ಅಭಿಯೋಜಕನಾದಂದಿನಿಂದ ಇಂಥ ಹೊತ್ತಿನಲ್ಲಿ ನನಗೆ ನೆನಪಾಗುವವರು ಅಮೆರಿಕದ ಅರ್ಲ್ ವಾರೆನ್. 1925ರಿಂದ ಹದಿಮೂರು ವರ್ಷಕ್ಕೂ ಹೆಚ್ಚು ಕಾಲ ಕ್ಯಾಲಿಫೋರ್ನಿಯಾದ ಆಲಮೀಡಾ ಕೌಂಟಿಯ ಅಭಿಯೋಜಕರಾಗಿದ್ದ ಅವರು, 1939ರಲ್ಲಿ ಆ ರಾಜ್ಯ ಸರ್ಕಾರದ ಮುಖ್ಯ ಕಾನೂನು ಅಧಿಕಾರಿ, ಅಂದರೆ ಅಟಾರ್ನಿ ಜನರಲ್ ಆದರು, ಮುಂದೆ ಗವರ್ನರ್ ಆದರು, 1953ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಯ ಪೀಠವೇರಿದರು. ಶಾಲೆಗಳಲ್ಲಿ ಕರಿಯ ಮಕ್ಕಳನ್ನು ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಮರುವರ್ಷವೇ ಒಮ್ಮತದ ತೀರ್ಪು ಬರೆದದ್ದು ಎಲ್ಲರಿಗೂ ಗೊತ್ತು. ನನ್ನನ್ನು ಕಾಡುವುದು 1966ರಲ್ಲಿ ಮಿರಾಂಡಾ ಎಂಬ ಆರೋಪಿಯ ಪ್ರಕರಣದಲ್ಲಿ ಬಂದ ತೀರ್ಪು. ಫೀನಿಕ್ಸ್ ನಗರದ ಪೊಲೀಸರು ಎರಡು ಗಂಟೆ ವಿಚಾರಿಸಿ ಸಹಿ ಹಾಕಿಸಿಕೊಂಡ ತಪ್ಪೊಪ್ಪಿಗೆಯನ್ನು, ಐವರು ಒಂದೆಡೆ ನಾಲ್ವರು ಒಂದೆಡೆಯಾಗಿದ್ದ ಪೀಠದಲ್ಲಿ, ವಾರೆನ್ನರು ತಳ್ಳಿಹಾಕಿದರು. ಬಾಯಿ ಮುಚ್ಚಿಕೊಂಡಿರುವ ಹಕ್ಕಿದೆ, ವಕೀಲರನ್ನು ಪಡೆಯುವ ಹಕ್ಕಿದೆ ಎಂದು ಮೊದಲೇ ತಿಳಿಸದೆ ಬಂಧಿತನನ್ನು ವಿಚಾರಿಸಿ ಪಡೆದ ಹೇಳಿಕೆ ಸಾಕ್ಷ್ಯವಾಗದು ಎಂದರು. ಪೊಲೀಸರ ತರಬೇತಿ ಕೈಪಿಡಿಗಳನ್ನೇ ಮುಂದಿಟ್ಟುಕೊಂಡು, ಒಬ್ಬ ಗದರಿಸುವುದು, ಇನ್ನೊಬ್ಬ ಮರುಗುವುದು ಎಂಬ ಉಪಾಯಗಳನ್ನು ಬಿಡಿಸಿಟ್ಟಿರುವ ಆ ಪುಟಗಳನ್ನು, ಬಂಧಿತನನ್ನು ಕೂರಿಸುವ ಕೋಣೆಯ ಒಳಹೊರಗು ಬಲ್ಲ ಅಭಿಯೋಜಕನಲ್ಲದೆ ಇನ್ನಾರು ಬರೆದಾರು! ಅವರನ್ನು ಅಪರಾಧಿಗಳ ಪಕ್ಷಪಾತಿ ಎಂದು ಜರೆದವರು, 1938ರಲ್ಲಿ ಅವರ ತಂದೆಯನ್ನು ಮನೆಯಲ್ಲೇ ಹೊಡೆದು ಕೊಂದದ್ದನ್ನೂ ಆ ಕೊಲೆಗಾರ ಕೊನೆಗೂ ಸಿಗದೇ ಹೋದದ್ದನ್ನೂ ಮರೆಯುತ್ತಾರೆ.

ಅವರು ತಪ್ಪು ಮಾಡದವರಲ್ಲ. 1942ರಲ್ಲಿ ಜಪಾನಿ ಮೂಲದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆ ಬಿಡಿಸಿ ಶಿಬಿರಗಳಿಗೆ ಅಟ್ಟಿದಾಗ, ಅಟಾರ್ನಿ ಜನರಲ್ ಆಗಿ ಅದಕ್ಕೆ ಒತ್ತಾಸೆಯಾಗಿ ನಿಂತವರು ಅವರೇ. ಮನೆ, ಶಾಲೆಯ ಗೆಳೆಯರಿಂದ ಕಿತ್ತೊಯ್ದ ಆ ಪುಟ್ಟ ಮಕ್ಕಳನ್ನು ನೆನೆದಾಗಲೆಲ್ಲ ಮನಸ್ಸಾಕ್ಷಿ ಚುಚ್ಚುತ್ತದೆ ಎಂದು ಆತ್ಮಕಥನದಲ್ಲಿ ಒಪ್ಪಿಕೊಂಡಿದ್ದಾರೆ. ಅದು ಬೆಳಕು ಕಂಡದ್ದು ಅವರು ತೀರಿಕೊಂಡ ಮೇಲೆ. ಸರ್ಕಾರದ ಪರ ನಿಂತಾಗ ಎದುರಿನ ಮನುಷ್ಯ ಕಣ್ಣಿನಿಂದ ಎಷ್ಟು ಸುಲಭವಾಗಿ ಮರೆಯಾಗುತ್ತಾನೆ ಎಂಬುದು ನನ್ನ ಅನುಭವವೂ ಹೌದು.

ಮಿರಾಂಡಾ ತೀರ್ಪು ನಮಗೂ ದೂರದ್ದಲ್ಲ. 1978ರಲ್ಲಿ ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಆಧರಿಸಿದರು. 2010ರಲ್ಲಿ, ನಮ್ಮ ರಾಜ್ಯವೇ ಪ್ರತಿವಾದಿಯಾಗಿದ್ದ ಸೆಲ್ವಿ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆ ಸಲ್ಲದೆಂದು ಸುಪ್ರೀಂ ಕೋರ್ಟ್ ಹೇಳಿತು.

ಆ ರಾತ್ರಿ ಹುಡುಗನ ಕಡತ ತೆರೆದೆ. ಮೂರನೇ ತರಗತಿಗೆ ಶಾಲೆ ಬಿಟ್ಟವನ ‘ಸ್ವಇಚ್ಛಾ ಹೇಳಿಕೆ’ಯು ‘ನನ್ನೊಂದಿಗೆ ಬಂದಲ್ಲಿ ಸದರಿ ಸ್ವತ್ತನ್ನು ತೋರಿಸಿಕೊಡುತ್ತೇನೆ’ ಎಂಬ ಠಾಣೆಯ ಕನ್ನಡದಲ್ಲಿ ಮುಗಿದಿತ್ತು. ಕೆಳಗೆ, ಹೆಸರಿನ ಕೊನೆಯ ಅಕ್ಷರದ ಒತ್ತು ಬಿಟ್ಟುಹೋದ ಅವನ ಸಹಿ. ಪೊಲೀಸರೆದುರಿನ ತಪ್ಪೊಪ್ಪಿಗೆ ನಮ್ಮಲ್ಲಿ ಸಾಕ್ಷ್ಯವಲ್ಲ, ನಿಜ. ಆದರೂ ಇಂಥ ಎಷ್ಟು ಹೇಳಿಕೆಗಳನ್ನು ಸಹಿ ಕಡೆ ಕಣ್ಣು ಹಾಯಿಸದೆ ಮಗುಚಿದ್ದೇನೆ ಎಂದು ಸಂಕಟವಾಯಿತು.

ಗುರುವಾರ ಕಾನೂನು ಸೇವಾ ಸಮಿತಿಯ ವಕೀಲೆ ಜಾಮೀನು ಅರ್ಜಿ ಹಾಕಿದರು. ತಕರಾರು ಬರೆಯಲು ಕುಳಿತಾಗ, ‘ಆರೋಪಿಯು ಸಾಕ್ಷಿದಾರರನ್ನು ಬೆದರಿಸುವ ಸಾಧ್ಯತೆ ಇರುತ್ತದೆ’ ಎಂಬ ಎಂದಿನ ವಾಕ್ಯ ತಾನಾಗಿಯೇ ಕೈಗೆ ಬಂತು. ಕಡತದಲ್ಲಿ ಅದಕ್ಕೆ ಆಧಾರ ಹುಡುಕಿದೆ, ಸಿಗಲಿಲ್ಲ. ಆ ವಾಕ್ಯವನ್ನು ಹೊಡೆದುಹಾಕಿ ಉಳಿದದ್ದನ್ನು ಸಲ್ಲಿಸಿದೆ.