ಗಡ್ಡವಿಲ್ಲದ ಲಿಂಕನ್

ಕಳೆದ ವಾರ ನಮ್ಮ ಅಂಚೆಪೆಟ್ಟಿಗೆಯಲ್ಲಿ ಪಿಜ್ಜಾ ಕೂಪನ್ನುಗಳ ಮತ್ತು ಹಲ್ಲಿನ ವೈದ್ಯರ ಜ್ಞಾಪನಪತ್ರದ ನಡುವೆ ಒಂದು ಚುನಾವಣಾ ಕರಪತ್ರ ಬಂದಿತ್ತು. ಹೊಳೆಯುವ ದಪ್ಪ ಕಾಗದದ ಎಡಗಡೆ ಎತ್ತರದ ಕಪ್ಪು ಟೋಪಿ ತೊಟ್ಟ ಅಬ್ರಹಾಂ ಲಿಂಕನ್, ಬಲಗಡೆ ಅಂಗಿಯ ತೋಳು ಮಡಚಿಕೊಂಡ ನಮ್ಮ ಕ್ಷೇತ್ರದ ಅಭ್ಯರ್ಥಿ, ಇಬ್ಬರ ನಡುವೆ ಅದೇ ನೆಲ, ಅದೇ ಪ್ರಾಮಾಣಿಕತೆ ಎಂಬರ್ಥದ ಒಂದು ಸಾಲು. ಇಲಿನಾಯ್‌ನಲ್ಲಿ ಇದು ಹೊಸತೇನಲ್ಲ. ಕಾರಿನ ನಂಬರ್ ಪ್ಲೇಟಿನ ಮೇಲೆಯೇ ‘ಲಿಂಕನ್‌ನ ನಾಡು’ ಎಂದು ಬರೆದುಕೊಂಡ ರಾಜ್ಯವಿದು. ಎರಡೂ ಪಕ್ಷದವರು ಅವನನ್ನು ತಮ್ಮ ಮನೆಯ ಹಿರಿಯನೆಂದೇ ಹೇಳಿಕೊಳ್ಳುತ್ತಾರೆ. ನಾನು ಅದನ್ನು ಕಸದ ಬುಟ್ಟಿಗೆ ಹಾಕುವುದರಲ್ಲಿದ್ದೆ. ಅಡುಗೆಮನೆಯ ಮೇಜಿನ ಮೇಲೆ ಹೋಂವರ್ಕ್ ಹರಡಿಕೊಂಡು ಕುಳಿತಿದ್ದ ಹನ್ನೊಂದು ವರ್ಷದ ಮಗಳು ಅದನ್ನು ನನ್ನ ಕೈಯಿಂದ ಎಳೆದುಕೊಂಡು ನೋಡಿ, “ಇದು ತಪ್ಪು ಅಪ್ಪಾ. ಎಲೆಕ್ಷನ್ನಿಗೆ ನಿಂತಾಗ ಲಿಂಕನ್‌ಗೆ ಗಡ್ಡವೇ ಇರಲಿಲ್ಲ” ಎಂದಳು.

ನಾನು ನಕ್ಕೆ, ಆದರೆ ಅವಳು ಹೇಳಿದ್ದು ಅಕ್ಷರಶಃ ನಿಜ. 1860ರ ಅಕ್ಟೋಬರಿನಲ್ಲಿ, ಮತದಾನಕ್ಕೆ ಮೂರು ವಾರವಿರುವಾಗ, ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಫೀಲ್ಡ್ ಎಂಬ ಸಣ್ಣ ಊರಿನಿಂದ ಗ್ರೇಸ್ ಬೆಡೆಲ್ ಎಂಬ ಹನ್ನೊಂದು ವರ್ಷದ ಹುಡುಗಿ ಲಿಂಕನ್‌ಗೆ ಒಂದು ಪತ್ರ ಬರೆದಳು. ನಿಮ್ಮ ಮುಖ ತೀರ ಬಡಕಲಾಗಿದೆ, ಗಡ್ಡ ಬಿಟ್ಟರೆ ಚೆನ್ನಾಗಿ ಕಾಣುತ್ತೀರಿ, ಹೆಂಗಸರಿಗೆ ಗಡ್ಡವೆಂದರೆ ಇಷ್ಟವಾದ್ದರಿಂದ ಅವರು ತಮ್ಮ ಗಂಡಂದಿರನ್ನು ಪೀಡಿಸಿ ನಿಮಗೆ ವೋಟು ಹಾಕಿಸುತ್ತಾರೆ ಎಂಬುದು ಅವಳ ಸಲಹೆ. ಅವಳಿಗೂ ಅವಳ ತಾಯಿಗೂ ಆಗ ಮತದ ಹಕ್ಕಿರಲಿಲ್ಲ ಎಂಬುದನ್ನು ನೆನೆದರೆ, ಆ ಮಗುವಿನ ರಾಜಕೀಯ ಲೆಕ್ಕಾಚಾರ ಇನ್ನೂ ಸೊಗಸಾಗಿ ಕಾಣುತ್ತದೆ. ಲಿಂಕನ್ ನಾಲ್ಕೇ ದಿನಕ್ಕೆ ಉತ್ತರ ಬರೆದ. ಈಗ ಹೊಸದಾಗಿ ಗಡ್ಡ ಬಿಟ್ಟರೆ ಜನ ಅದನ್ನು ಒಣ ಆಡಂಬರವೆನ್ನುವುದಿಲ್ಲವೇ ಎಂದು ಕೇಳಿದ. ಗೆದ್ದ ಮೇಲೆ ಬಿಟ್ಟೇಬಿಟ್ಟ. 1861ರ ಫೆಬ್ರವರಿಯಲ್ಲಿ ಅಧಿಕಾರ ವಹಿಸಿಕೊಳ್ಳಲು ಹೊರಟ ರೈಲು ವೆಸ್ಟ್‌ಫೀಲ್ಡ್‌ನಲ್ಲಿ ನಿಂತಾಗ ಕೆಳಗಿಳಿದು ಆ ಹುಡುಗಿಯನ್ನು ಹುಡುಕಿ ಮಾತನಾಡಿಸಿದ.

ಹಾಗಾಗಿ ನಾಣ್ಯದ ಮೇಲೆ, ಐದು ಡಾಲರಿನ ನೋಟಿನ ಮೇಲೆ, ವಾಷಿಂಗ್ಟನ್ನಿನ ಸ್ಮಾರಕದೊಳಗೆ ನಾವು ನೋಡುವ ಗಡ್ಡದ ಲಿಂಕನ್ ಯಾವತ್ತೂ ಯಾರ ಎದುರಿಗೂ ಹೊಸ ಅಭ್ಯರ್ಥಿಯಾಗಿ ನಿಂತವನಲ್ಲ. ಅವನು ಆಗಲೇ ಅಧ್ಯಕ್ಷ. ಕರಪತ್ರದಲ್ಲಿ ಪಕ್ಕಪಕ್ಕ ನಿಂತಿದ್ದವರು ಇಬ್ಬರು ಅಭ್ಯರ್ಥಿಗಳಲ್ಲ. ಒಬ್ಬ ಅಭ್ಯರ್ಥಿ ಮತ್ತು ಒಂದು ವಿಗ್ರಹ.

ಇಂಥ ಹೋಲಿಕೆಗೆ ನಾನೂ ಒಮ್ಮೆ ಮನಸೋತಿದ್ದೇನೆ. ಈ ದೇಶಕ್ಕೆ ಬಂದ ಮರುವರ್ಷ, 2007ರ ಫೆಬ್ರವರಿ 10ರಂದು, ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ನಾವು ನಾಲ್ವರು ಬ್ಲೂಮಿಂಗ್ಟನ್‌ನಿಂದ ಒಂದು ಗಂಟೆ ದಾರಿಯ ಸ್ಪ್ರಿಂಗ್‌ಫೀಲ್ಡಿಗೆ ಹೋಗಿದ್ದೆವು. ಎರಡು ಜೊತೆ ಕಾಲುಚೀಲ ಹಾಕಿದ್ದರೂ ಬೆರಳುಗಳು ಮರಗಟ್ಟುವ ಚಳಿ. ಹಳೆಯ ರಾಜ್ಯ ಶಾಸನಭವನದ ಮುಂದೆ ಸಾವಿರಾರು ಜನರ ಎದುರು ಬರಾಕ್ ಒಬಾಮ ತಾನು ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುವುದಾಗಿ ಅಂದು ಘೋಷಿಸಿದರು. ಜಾಗವನ್ನು ಸುಮ್ಮನೆ ಆರಿಸಿಕೊಂಡದ್ದಲ್ಲ. ಅರ್ಧ ಗುಲಾಮಗಿರಿ, ಅರ್ಧ ಸ್ವಾತಂತ್ರ್ಯದ ದೇಶ ಬಹುಕಾಲ ಉಳಿಯಲಾರದು ಎಂಬರ್ಥದಲ್ಲಿ 1858ರ ಜೂನ್‌ನಲ್ಲಿ ಲಿಂಕನ್ ‘ಒಡೆದ ಮನೆ ನಿಲ್ಲಲಾರದು’ ಎಂದದ್ದು ಅದೇ ಕಟ್ಟಡದೊಳಗೆ. ಇಬ್ಬರೂ ವಕೀಲರು, ಇಬ್ಬರೂ ಉದ್ದಕ್ಕೆ ಸಣಕಲು, ಇಬ್ಬರೂ ರಾಜ್ಯದ ಶಾಸನಸಭೆಯಲ್ಲಿ ಸುಮಾರು ಎಂಟು ವರ್ಷ ಕಳೆದವರು. ಒಬಾಮರಿಗೆ ಅನುಭವ ಸಾಲದು ಎಂದವರಿಗೆ ಅವರ ಬೆಂಬಲಿಗರ ಉತ್ತರ ಸಿದ್ಧವಿತ್ತು: ಲಿಂಕನ್ ವಾಷಿಂಗ್ಟನ್ನಿನಲ್ಲಿ ಇದ್ದದ್ದು ಒಂದೇ ಒಂದು ಅವಧಿ, ಎರಡೇ ವರ್ಷ, ಅದರ ಮೇಲೆ ಸೆನೆಟ್ಟಿಗೆ ಹೋಗಲು ಎರಡು ಬಾರಿ ಯತ್ನಿಸಿ ಸೋತವನು. ನಾನು ಆ ವಾದವನ್ನು ಊರಿನ ಗೆಳೆಯರಿಗೆಲ್ಲ ಉದ್ದುದ್ದ ಇಮೇಲ್‌ಗಳಲ್ಲಿ ಬರೆದು ಕಳಿಸಿದೆ. ಎರಡು ವರ್ಷದ ನಂತರ, ಲಿಂಕನ್ 1861ರಲ್ಲಿ ಕೈಯಿಟ್ಟ ಬೈಬಲಿನ ಮೇಲೆಯೇ ಒಬಾಮ ಕೈಯಿಟ್ಟು ಪ್ರಮಾಣ ಮಾಡಿದಾಗ ಕಣ್ಣು ತೇವವಾದದ್ದೂ ಸುಳ್ಳಲ್ಲ. ಆದರೆ ಲಿಂಕನ್‌ನನ್ನು ಗುಲಾಮರ ವಿಮೋಚಕನೆಂದು ಇಡಿಯಾಗಿ ನುಂಗಿಕೊಳ್ಳಲು ತನಗೆ ಆಗದೆಂದು ಒಬಾಮರೇ 2005ರಲ್ಲಿ ಒಂದು ಲೇಖನದಲ್ಲಿ ಬರೆದಿದ್ದರು. ಹೋಲಿಕೆಯ ಬಿರುಕು ಹೋಲಿಸಿಕೊಂಡವರಿಗೆ ಗೊತ್ತಿತ್ತು. ಚಪ್ಪಾಳೆ ತಟ್ಟುತ್ತಿದ್ದ ನನಗೆ ಗೊತ್ತಿರಲಿಲ್ಲ.

ಮಗಳು ಮಲಗಿದ ಮೇಲೆ, ಗಡ್ಡವಿಲ್ಲದ ಲಿಂಕನ್ ಏನು ಹೇಳಿದ್ದನೆಂದು ಓದುತ್ತ ಕುಳಿತೆ. 1858ರ ಸೆನೆಟ್ ಚುನಾವಣೆಯಲ್ಲಿ ಅವನೂ ಸ್ಟೀಫನ್ ಡಗ್ಲಾಸನೂ ಇಲಿನಾಯ್‌ನ ಏಳು ಊರುಗಳಲ್ಲಿ ಎದುರುಬದುರು ನಿಂತು ವಾದಿಸಿದರು. ಒಟ್ಟಾವಾದಲ್ಲಿ ನಡೆದ ಮೊದಲ ವಾದದಲ್ಲಿ, ತನ್ನ ಕೈಯಾರೆ ದುಡಿದ ರೊಟ್ಟಿಯನ್ನು ತಿನ್ನುವ ಹಕ್ಕಿನಲ್ಲಿ ಕಪ್ಪು ಮನುಷ್ಯ ತನಗೂ ಡಗ್ಲಾಸನಿಗೂ ಸಮಾನನೆಂದು ಲಿಂಕನ್ ಹೇಳಿದ. ಸೆಪ್ಟೆಂಬರ್ 18ರಂದು ಚಾರ್ಲ್ಸ್‌ಟನ್ ಎಂಬ ಊರಿನಲ್ಲಿ ಅದೇ ಬಾಯಿಯಿಂದ, ಕಪ್ಪು ಜನರನ್ನು ಮತದಾರರನ್ನಾಗಿ ಅಥವಾ ಜೂರಿಗಳನ್ನಾಗಿ ಮಾಡುವುದರ, ಅಧಿಕಾರದ ಸ್ಥಾನಗಳಿಗೆ ಅರ್ಹರೆನ್ನುವುದರ, ಬಿಳಿಯರೊಡನೆ ಅವರ ಮದುವೆಯ ಪರವಾಗಿ ತಾನು ಎಂದೂ ಇರಲಿಲ್ಲ, ಈಗಲೂ ಇಲ್ಲ ಎಂದ. ಸಭೆಗೆ ತಕ್ಕ ಮಾತು ಎಂದು ಕೆಲವರು ಸಮಜಾಯಿಷಿ ಕೊಡುತ್ತಾರೆ. ಆದರೆ ಸಭೆಗೆ ತಕ್ಕ ಮಾತಾಡುವ ಅಭ್ಯರ್ಥಿಯನ್ನು ನಾವು ಇಂದು ಯಾವ ಹೆಸರಿನಿಂದ ಕರೆಯುತ್ತೇವೆಂಬುದು ಎಲ್ಲರಿಗೂ ತಿಳಿದಿದೆ.

ಆ ಸಾಲು ನನ್ನನ್ನು ಚುಚ್ಚಲು ಸ್ವಂತದ ಕಾರಣವೂ ಇದೆ. ಈ ಬಾರಿ ನಾನಿಲ್ಲಿ ಮೊದಲ ಸಲ ಮತ ಹಾಕುವವನು. ಪೌರತ್ವದ ಪರೀಕ್ಷೆಗಾಗಿ ನೂರು ಪ್ರಶ್ನೆಗಳ ಪಟ್ಟಿಯನ್ನು ಉರುಹೊಡೆಯುವಾಗ ಮಗಳೇ ಪ್ರಶ್ನೆ ಕೇಳುತ್ತಿದ್ದಳು. ಲಿಂಕನ್ ಮಾಡಿದ ಒಂದು ಮುಖ್ಯ ಕೆಲಸ ಯಾವುದು ಎಂಬುದಕ್ಕೆ ‘ಗುಲಾಮರನ್ನು ಬಿಡುಗಡೆ ಮಾಡಿದ’ ಎಂದರೆ ಅಂಕ ಸಿಗುತ್ತದೆ. ಲಿಂಕನ್‌ನ ಕಾಲದಲ್ಲಿ ಹೊರಗಿನಿಂದ ಬಂದವರಲ್ಲಿ ಬಿಳಿಯರಷ್ಟೇ ಇಲ್ಲಿ ಪೌರರಾಗಬಹುದಿತ್ತು. ಭಗತ್ ಸಿಂಗ್ ಥಿಂದ್ ಎಂಬ, ಅಮೆರಿಕದ ಸೇನೆಯಲ್ಲಿ ದುಡಿದ ಪಂಜಾಬಿಯೊಬ್ಬರು ಬಿಳಿಯರಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಭಾರತೀಯರಿಗೆ ಬಾಗಿಲು ತೆರೆದ ಕಾನೂನು ಬಂದದ್ದು 1946ರಲ್ಲಿ. 1858ರ ಆ ಬೋಳುಗಲ್ಲದ ಅಭ್ಯರ್ಥಿಯ ಕರಪತ್ರವೇ ಇಂದು ನನ್ನ ಅಂಚೆಪೆಟ್ಟಿಗೆಗೆ ಬಂದಿದ್ದರೆ ನಾನು ಅವನಿಗೆ ಮತ ಹಾಕುತ್ತಿರಲಿಲ್ಲ. ಹಾಕುವ ಹಕ್ಕನ್ನು ಅವನೂ ನನಗೆ ಕೊಡುತ್ತಿದ್ದನೋ ಇಲ್ಲವೋ.

ಅವನನ್ನು ವಿಗ್ರಹವನ್ನಾಗಿಸಿದ್ದೆಲ್ಲ ಗೆದ್ದ ಮೇಲಿನ ಮಾತು. ಗೆಲುವಾದರೂ ಎಂಥದ್ದು? ನೂರಕ್ಕೆ ನಲವತ್ತು ಮತವೂ ಪೂರ್ತಿ ಬೀಳಲಿಲ್ಲ, ದಕ್ಷಿಣದ ಹೆಚ್ಚಿನ ರಾಜ್ಯಗಳಲ್ಲಿ ಅವನ ಹೆಸರಿನ ಮತಪತ್ರವೇ ಇರಲಿಲ್ಲ, ಪ್ರಮಾಣವಚನ ಸ್ವೀಕರಿಸುವ ಹೊತ್ತಿಗೆ ಏಳು ರಾಜ್ಯಗಳು ಒಕ್ಕೂಟ ಬಿಟ್ಟು ನಡೆದಿದ್ದವು. ಆಮೇಲೆ ಯುದ್ಧ, 1863ರ ವಿಮೋಚನಾ ಘೋಷಣೆ, ಸೇನೆ ಸೇರಿದ ಕಪ್ಪು ಸೈನಿಕರು, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ಹೋರಾಡಿದ, ಸುಮ್ಮನಿರಲು ಬಿಡದ ಫ್ರೆಡರಿಕ್ ಡಗ್ಲಾಸ್‌ರಂಥ ಟೀಕಾಕಾರರು. 1865ರ ಏಪ್ರಿಲ್ 11ರ ರಾತ್ರಿ ಶ್ವೇತಭವನದ ಕಿಟಕಿಯಲ್ಲಿ ನಿಂತು ಮಾಡಿದ ಕೊನೆಯ ಭಾಷಣದಲ್ಲಿ, ತಿಳಿವಳಿಕೆಯುಳ್ಳ ಕಪ್ಪು ಜನರಿಗೂ ಸೈನಿಕರಾಗಿ ದುಡಿದವರಿಗೂ ಮತದ ಹಕ್ಕು ಸಿಗಬೇಕೆಂದು ತನ್ನ ಇಚ್ಛೆ ಎಂದ. ಚಾರ್ಲ್ಸ್‌ಟನ್‌ನಿಂದ ಆ ಕಿಟಕಿಗೆ ಆರೂವರೆ ವರ್ಷ. ಗುಂಪಿನಲ್ಲಿ ನಿಂತು ಅದನ್ನು ಕೇಳಿಸಿಕೊಂಡ ಜಾನ್ ವಿಲ್ಕ್ಸ್ ಬೂತ್ ಮೂರನೆಯ ದಿನ ಅವನನ್ನು ಗುಂಡಿಕ್ಕಿ ಕೊಂದ. ಈ ಆರೂವರೆ ವರ್ಷವನ್ನು ಯಾವ ಅಭ್ಯರ್ಥಿಯ ಕರಪತ್ರದಲ್ಲಿ ತಾನೇ ಮುಂಗಡವಾಗಿ ಅಚ್ಚು ಹಾಕಿಸಲಾದೀತು?

ನಮ್ಮೂರ ಕಡೆಯ ಫ್ಲೆಕ್ಸುಗಳೂ ನೆನಪಾದವು. ಅಲ್ಲಿ ಕ್ರಮ ತಿರುಗುಮುರುಗು: ಅಭ್ಯರ್ಥಿ ಆಳೆತ್ತರಕ್ಕೆ ಕೈಮುಗಿದು ನಿಂತಿರುತ್ತಾನೆ, ಬುದ್ಧ, ಬಸವಣ್ಣ, ಕೆಂಪೇಗೌಡ, ಅಂಬೇಡ್ಕರ್ ಅಂಚೆಚೀಟಿಯ ಗಾತ್ರದಲ್ಲಿ ಮೇಲಿನ ಅಂಚಿನಲ್ಲಿ ಸಾಲಾಗಿ ಕುಳಿತಿರುತ್ತಾರೆ. ಇಲ್ಲಿ ಕನಿಷ್ಠ ಇಬ್ಬರನ್ನೂ ಒಂದೇ ಅಳತೆಯಲ್ಲಿ ಅಚ್ಚು ಮಾಡಿದ್ದರು.

ಲಿಂಕನ್ ನನಗೆ ಮೊದಲು ಪರಿಚಯವಾದದ್ದೂ ಊರಿನಲ್ಲೇ. ಹಾಸನ ಜಿಲ್ಲೆಯ ನಮ್ಮ ಪ್ರೌಢಶಾಲೆಯ ಪಡಸಾಲೆಯ ಗೋಡೆಯ ಮೇಲೆ, ‘ಅಬ್ರಹಾಂ ಲಿಂಕನ್ ತನ್ನ ಮಗನ ಶಿಕ್ಷಕರಿಗೆ ಬರೆದ ಪತ್ರ’ವನ್ನು ಡ್ರಾಯಿಂಗ್ ಮೇಷ್ಟ್ರು ನೀಲಿ ಬಣ್ಣದಲ್ಲಿ ದುಂಡಗೆ ಬರೆದಿದ್ದರು. ಸೋಲುವುದನ್ನೂ ಕಲಿಸಿ, ಗೆಲುವನ್ನು ಸವಿಯುವುದನ್ನೂ ಕಲಿಸಿ ಎಂಬ ಸಾಲುಗಳನ್ನು ನಾವು ಪ್ರಾರ್ಥನೆಯ ಹೊತ್ತಿನಲ್ಲಿ ಸರದಿಯಂತೆ ಓದುತ್ತಿದ್ದೆವು. ಕರ್ನಾಟಕದ ಎಷ್ಟೋ ಶಾಲೆಗಳಲ್ಲಿ ಅದು ಇಂದಿಗೂ ತೂಗುತ್ತಿದೆ. ಆ ಪತ್ರವನ್ನು ಲಿಂಕನ್ ಬರೆದೇ ಇಲ್ಲ. ಅದರ ಮೂಲಪ್ರತಿ ಎಲ್ಲೂ ಇಲ್ಲ, ಅವನ ಸಮಗ್ರ ಬರಹಗಳ ಸಂಪುಟಗಳಲ್ಲಿಯೂ ಇಲ್ಲ. ನಾನೀಗ ಇರುವ ಬ್ಲೂಮಿಂಗ್ಟನ್‌ನದು ಇದಕ್ಕೆ ತದ್ವಿರುದ್ಧದ ಕಥೆ: 1856ರ ಮೇ 29ರಂದು ಲಿಂಕನ್ ಇಲ್ಲಿ ಮಾಡಿದ ಭಾಷಣ ಅದೆಷ್ಟು ಅದ್ಭುತವಾಗಿತ್ತೆಂದರೆ, ವರದಿಗಾರರು ಬರೆದುಕೊಳ್ಳುವುದನ್ನೇ ಮರೆತು ಕುಳಿತರೆಂಬ ಪ್ರತೀತಿ. ಅದಕ್ಕೆ ‘ಕಳೆದುಹೋದ ಭಾಷಣ’ ಎಂದೇ ಹೆಸರು. ಇಲ್ಲಿ ಆಡಿದವನಿದ್ದಾನೆ, ಮಾತು ಸಿಕ್ಕಿಲ್ಲ. ನಮ್ಮ ಶಾಲೆಯಲ್ಲಿ ಮಾತಿತ್ತು, ಅವನು ಆಡಿರಲಿಲ್ಲ.

ಭಾನುವಾರ ನಮ್ಮ ನಿವೃತ್ತ ಮುಖ್ಯೋಪಾಧ್ಯಾಯರಿಗೆ ಫೋನು ಮಾಡಿದಾಗ, ಹೇಳಬೇಕೋ ಬೇಡವೋ ಎಂದು ಅನುಮಾನಿಸುತ್ತಲೇ ವಿಷಯ ತೆಗೆದೆ. ಎಂಬತ್ತು ದಾಟಿದ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿಂದೆ ಪ್ರೆಶರ್ ಕುಕ್ಕರು ಎರಡು ಸಲ ಕೂಗಿತು. ಆಮೇಲೆ, “ಹಾಗಾದ್ರೆ ಬರೆದೋರು ಯಾರಪ್ಪ? ತಿಳಿದ್ರೆ ಹೇಳು, ಆ ಪುಣ್ಯಾತ್ಮನ ಹೆಸರನ್ನೇ ಬರೆಸೋಣ” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಕರಪತ್ರ ಕಸದ ಬುಟ್ಟಿಗೆ ಹೋಗಲಿಲ್ಲ. ಈಗ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿದೆ. ಮಗಳು ತನ್ನ ಬಿಳಿಯ ಕರೆಕ್ಷನ್ ಪೆನ್ನಿನಿಂದ ಲಿಂಕನ್‌ನ ಗಡ್ಡವನ್ನು ನಾಜೂಕಾಗಿ ಅಳಿಸಿದ್ದಾಳೆ. ಕೆನ್ನೆ ಒಳಕ್ಕೆ ಹೋದ, ಕಿವಿ ದೊಡ್ಡದಾದ, ಎಲ್ಲೋ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕಾಗದಪತ್ರ ಹಿಡಿದು ಕಾಯುತ್ತಿರುವವನಂಥ ಆ ಮುಖವನ್ನು ಹಾಲು ತೆಗೆಯಲು ಹೋದಾಗಲೆಲ್ಲ ನೋಡುತ್ತೇನೆ. ಪಕ್ಕದಲ್ಲಿ ತೋಳು ಮಡಚಿಕೊಂಡು ನಿಂತಿರುವವನಷ್ಟೇ ಅವನೂ ಅಪರಿಚಿತ. ಮತದಾನಕ್ಕೆ ಇನ್ನು ಹನ್ನೆರಡು ದಿನವಿದೆ.