ರೋಮ್‌ನ ಅಗ್ಗದ ರೂಮು, ಆಲೂಗಡ್ಡೆ ಪಿಜ್ಜಾ

ರೋಮ್‌ಗೆ ಹೊರಟವರು ಟಿಕೆಟ್, ವೀಸಾ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ರೂಮಿನ ಹೀಟರ್ ಬಗ್ಗೆ ಯಾರೂ ಕೇಳುವುದಿಲ್ಲ. ನಾವೂ ಕೇಳಲಿಲ್ಲ.

2024ರ ಏಪ್ರಿಲ್ 24ಕ್ಕೆ ನಾನು, ನನ್ನ ಹೆಂಡತಿ, ಅಮ್ಮ ಅಲ್ಲಿ ಇಳಿದೆವು. ನಾಲ್ಕು ರಾತ್ರಿ ಇರುವ ಲೆಕ್ಕ. ಮೈಸೂರಿನಲ್ಲಿ ಆಗ ಫ್ಯಾನ್ ನಿಲ್ಲಿಸುವ ಹಾಗಿರಲಿಲ್ಲ. ಅಲ್ಲಿಯೂ ಚಳಿ ಮುಗಿದಿರುತ್ತೆ ಅಂದುಕೊಂಡು ತಲೆಗೊಂದು ಸ್ವೆಟರ್ ಇಟ್ಟುಕೊಂಡಿದ್ದೆವು.

ರೂಮು ಊರಿನ ಮುಖ್ಯ ರೈಲು ನಿಲ್ದಾಣ ಟರ್ಮಿನಿ ಹತ್ತಿರ, ಹಳೇ ಕಟ್ಟಡದ ನಾಲ್ಕನೇ ಮಹಡಿ. ಲಿಫ್ಟ್ ಇದೆ, ಹೀಟಿಂಗ್ ಇದೆ ಅಂತ ಬರೆದಿದ್ದರು. ಲಿಫ್ಟ್ ಇತ್ತು. ಆದರೆ ಅದು ಶುರುವಾಗುವುದೇ ಒಂದು ಸುತ್ತು ಮೆಟ್ಟಿಲು ಹತ್ತಿದ ಮೇಲೆ. ಒಬ್ಬರು, ಒಂದು ಸೂಟ್‌ಕೇಸ್, ಅಷ್ಟಕ್ಕೇ ಭರ್ತಿ. ಹೀಟರ್ ಕೂಡ ಗೋಡೆಯಲ್ಲಿ ಇತ್ತು. ಮುಟ್ಟಿದರೆ ರುಬ್ಬುವ ಕಲ್ಲಿನಷ್ಟು ತಣ್ಣಗೆ.

ಯಜಮಾನನನ್ನು ಕೇಳಿದರೆ, ಏಪ್ರಿಲ್ 15 ಆದ ಮೇಲೆ ಕಟ್ಟಡದ ಹೀಟಿಂಗ್ ಹಾಕುವ ಹಾಗಿಲ್ಲ, ಕಾನೂನು ಅಂದ. ಟೋಪಿ ಹಾಕುತ್ತಿದ್ದಾನೆ ಅಂದುಕೊಂಡೆ. ಆಮೇಲೆ ವಿಚಾರಿಸಿದರೆ ನಿಜ! ರೋಮ್‌ನಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಮಾತ್ರ, ಅದೂ ದಿನಕ್ಕೆ ಹೆಚ್ಚೆಂದರೆ 12 ಗಂಟೆ. ಸರಿ, ಕಾನೂನು ಒಪ್ಪಿಕೊಳ್ಳೋಣ. ಆದರೆ ಅದೇ ಮನುಷ್ಯ ಬೀರುವಿನಿಂದ ಒಂದು ಕರೆಂಟ್ ಹೀಟರ್ ತೆಗೆದು ತೋರಿಸಿ, ರಾತ್ರಿಗೆ 10 ಯೂರೋ ಅಂದ. ಮೊದಲ ರಾತ್ರಿ ಹಟಕ್ಕೆ ಬೇಡ ಅಂದೆ. ಅಮ್ಮ ಸೀರೆ ಮೇಲೆ ಸ್ವೆಟರ್, ಅದರ ಮೇಲೆ ನನ್ನ ಜಾಕೆಟ್ ಹಾಕಿಕೊಂಡು ಮಲಗಿದರು. ಬೆಳಗ್ಗೆ ಎದ್ದು, "ಹತ್ತು ಕೊಟ್ಟು ಬಿಡೋ, ನನ್ನ ಮಂಡಿ ಹಿಡ್ಕೊಂಡಿದೆ" ಅಂದರು. ಮೂರು ರಾತ್ರಿಗೆ 30 ಯೂರೋ.

ಇಷ್ಟೇ ಅಲ್ಲ. ನಗರದ ತೆರಿಗೆ ಅಂತ ಒಂದಿದೆ. ನಮ್ಮಂಥ ರೂಮಿಗೆ ತಲೆಗೆ, ರಾತ್ರಿಗೆ 6 ಯೂರೋ. ಮೂರು ಜನ, ನಾಲ್ಕು ರಾತ್ರಿ, ಒಟ್ಟು 72. ಇದು ಮೋಸ ಅಲ್ಲ, ನಿಯಮವೇ. ಆದರೆ ಬುಕ್ ಮಾಡುವಾಗ ಕಂಡ ಬೆಲೆಯಲ್ಲಿ ಅದು ಇರಲಿಲ್ಲ, ಬಂದ ಕೂಡಲೇ ನಗದು ಕೇಳಿದರು. ತೆರಿಗೆ, ಹೀಟರ್ ಸೇರಿಸಿದರೆ ನಾವು ಬೇಡ ಅಂತ ಬಿಟ್ಟಿದ್ದ ಒಳ್ಳೆಯ ರೂಮಿನ ಬೆಲೆಯೇ ಬಂತು. ಹಾಗಾಗಿ ತೆರಿಗೆ ಸೇರಿದೆಯಾ, ಲಿಫ್ಟ್ ನೆಲಮಟ್ಟದಿಂದಲೇ ಇದೆಯಾ, ಹೀಟಿಂಗ್ ನಾವು ಬರುವ ದಿನ ಇರುತ್ತಾ ಅಂತ ಮೊದಲೇ ಬರೆದು ಕೇಳಿ. ಉತ್ತರ ಬರದಿದ್ದರೆ ಬಿಟ್ಟುಬಿಡಿ.

ಟರ್ಮಿನಿ ಹತ್ತಿರವೇ ಇರಬೇಕು ಅನ್ನುವ ಹಟವೂ ಬೇಡ. ಫ್ಯುಮಿಚಿನೋ ಏರ್‌ಪೋರ್ಟಿನಿಂದ ಟರ್ಮಿನಿಗೆ ನೇರ ಹೋಗುವ ಲಿಯೊನಾರ್ಡೊ ಎಕ್ಸ್‌ಪ್ರೆಸ್‌ಗೆ ತಲೆಗೆ 14 ಯೂರೋ. ಎಫ್‌ಎಲ್1 ಅನ್ನುವ ಸಾಮಾನ್ಯ ರೈಲಿಗೆ 8. ಅದು ಟರ್ಮಿನಿಗೆ ಹೋಗುವುದಿಲ್ಲ. ತ್ರಾಸ್ತೆವೆರೆ, ಓಸ್ತಿಯೆನ್ಸೆ, ತಿಬುರ್ತಿನಾ ಕಡೆ ಹೋಗುತ್ತದೆ. ಅಲ್ಲೆಲ್ಲಾದರೂ ರೂಮು ಹಿಡಿದರೆ ಮೂರು ಜನಕ್ಕೆ ಒಂದು ದಾರಿಗೇ 18 ಯೂರೋ ಉಳಿತಾಯ. ಪೇಪರ್ ಟಿಕೆಟ್ ಆದರೆ ರೈಲು ಹತ್ತುವ ಮುಂಚೆ ಪ್ಲಾಟ್‌ಫಾರಂ ಮೆಷಿನ್‌ನಲ್ಲಿ ಮುದ್ರೆ ಒತ್ತಿಸಬೇಕು. ಮರೆತರೆ ಟಿಕೆಟ್ ಇದ್ದೂ ದಂಡ.

ಸಿಟಿ ಬಸ್ ಟಿಕೆಟ್ 1.50 ಯೂರೋ, 100 ನಿಮಿಷ ನಡೆಯುತ್ತದೆ. ಬ್ಯಾಂಕ್ ಕಾರ್ಡ್ ತಟ್ಟಿಯೂ ಹತ್ತಬಹುದು, ಆದರೆ ಒಬ್ಬರಿಗೆ ಒಂದು ಕಾರ್ಡ್. ಮೂವರಿಗೂ ಒಂದೇ ಕಾರ್ಡ್ ಆಗುವುದಿಲ್ಲ. ಹೊರಗೆ ದೊಡ್ಡ 'ಟಿ' ಬೋರ್ಡ್ ಇರುವ ಬೀಡಿ ಸಿಗರೇಟು ಅಂಗಡಿಗಳಲ್ಲಿ ಪೇಪರ್ ಟಿಕೆಟ್ ಕೊಂಡು ಇಟ್ಟುಕೊಳ್ಳಿ. ವ್ಯಾಟಿಕನ್ ಕಡೆ ಹೋಗುವ 64ನೇ ನಂಬರ್ ಬಸ್ಸು ಜೇಬುಗಳ್ಳರಿಗೆ ಹೆಸರುವಾಸಿ. ಸಂಜೆ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ ಅಭ್ಯಾಸ ಇರುವ ನನಗೇ ಉಸಿರು ಕಟ್ಟಿತು. ಆಮೇಲೆ 40 ಹಿಡಿದೆವು. ಅದೇ ಕಡೆ ಹೋಗುತ್ತೆ, ನಿಲ್ಲಿಸುವುದು ಕಮ್ಮಿ.

ಇನ್ನು ಕೊಲೋಸಿಯಂ. ಏಪ್ರಿಲ್ 25 ಅವರಿಗೆ ವಿಮೋಚನೆ ದಿನ, ರಾಷ್ಟ್ರೀಯ ರಜೆ. ಅವತ್ತು ಸರ್ಕಾರಿ ಮ್ಯೂಸಿಯಂ, ಸ್ಮಾರಕಗಳಿಗೆ ಪ್ರವೇಶ ಉಚಿತ. ಪ್ರತಿ ತಿಂಗಳ ಮೊದಲ ಭಾನುವಾರವೂ ಹಾಗೇ. ಪುಕ್ಕಟೆ ಅಂತ ಕುಣಿದುಕೊಂಡು ಹೋದೆವು. ಸಾಲಿನ ಕೊನೆ ಎಲ್ಲಿದೆ ಅಂತ ಹುಡುಕುವುದೇ ಒಂದು ಕೆಲಸ ಆಯಿತು. ಜನಜಂಗುಳಿ ಅಂದರೆ ನನಗೆ ಮೊದಲಿಂದಲೂ ಆಗಲ್ಲ. ನಿಮಗೆ ಸಾಲಿನಲ್ಲಿ ನಿಲ್ಲುವ ತಾಳ್ಮೆ ಇದ್ದರೆ ಈ ಮಾತು ಬಿಟ್ಟುಬಿಡಿ. ನಾವು ಮೆಟ್ರೋ ಸ್ಟೇಷನ್ ಮೇಲಿನ ರಸ್ತೆಗೆ ಹತ್ತಿ ಕಟ್ಟೆ ಮೇಲೆ ಕೂತು, ಮೇಲಿಂದಲೇ ನೋಡಿ ಬಂದೆವು. ಹಳೇ ರೋಮ್‌ನ ಅವಶೇಷಗಳಿರುವ ರೋಮನ್ ಫೋರಂ ಕೂಡ ಅಷ್ಟೇ; ಕಾಂಪಿದೋಲ್ಯೋ ಚೌಕದ ಹಿಂದೆ ಹೋದರೆ ಇಡೀ ಬಯಲು ಕಾಣುತ್ತದೆ, ಕಾಸಿಲ್ಲ.

ಊಟದ ವಿಷಯಕ್ಕೆ ಬರೋಣ, ಅಮ್ಮನಿಗೆ ಈ ಪ್ರವಾಸದಲ್ಲಿ ನೆನಪಿರುವುದೇ ಅದು. ವಿತ್ತೋರಿಯೋ ಚೌಕದ ಪಕ್ಕದ ಗಲ್ಲಿಯಲ್ಲಿ ಒಂದು ಪಿಜ್ಜಾ ಅಂಗಡಿ, ನಾಲ್ಕು ಸ್ಟೂಲು ಅಷ್ಟೇ. ದೊಡ್ಡ ತಟ್ಟೆಯಲ್ಲಿ ಚೌಕಾಕಾರದ ಪಿಜ್ಜಾ. ಎಷ್ಟು ಬೇಕು ಅಂತ ಕೈಯಲ್ಲಿ ತೋರಿಸಿದರೆ ಕತ್ತರಿಯಲ್ಲಿ ಕತ್ತರಿಸಿ, ತೂಕ ಹಾಕಿ, ಕಾಗದದಲ್ಲಿ ಸುತ್ತಿ ಕೊಡುತ್ತಾನೆ. ಅಲ್ಲಿ ಸಾಸೂ ಇಲ್ಲದ, ಚೀಸೂ ಇಲ್ಲದ ಆಲೂಗಡ್ಡೆ ಪಿಜ್ಜಾ ಇತ್ತು. ತೆಳ್ಳಗೆ ಹೆಚ್ಚಿದ ಆಲೂಗಡ್ಡೆ, ಆಲಿವ್ ಎಣ್ಣೆ, ಉಪ್ಪು, ರೋಸ್ಮರಿ. ಅಂಚು ಗರಿಗರಿ, ನಡುವೆ ಮೆತ್ತಗೆ. ಅಮ್ಮ ಕೈಚೀಲದಿಂದ ಚಟ್ನಿಪುಡಿ ಡಬ್ಬಿ ತೆಗೆದು ಉದುರಿಸಿಕೊಂಡು, "ಇದನ್ನ ನಾಳೆನೂ ತಿನ್ನೋಣ" ಅಂದರು. ಮೂರು ಜನ ಹೊಟ್ಟೆ ತುಂಬ ತಿಂದರೂ 11 ಯೂರೋ ದಾಟಲಿಲ್ಲ. ಮೂರು ದಿನವೂ ಅಲ್ಲೇ.

ಸಸ್ಯಾಹಾರಿಗಳು ಸ್ವಲ್ಪ ಹುಷಾರು. ಕುಂಬಳ ಜಾತಿಯ ಹೂವಿನ ಪಿಜ್ಜಾ ನೋಡಲು ಚೆಂದ, ಒಳಗೆ ಸಣ್ಣ ಮೀನು ಇರುತ್ತದೆ. ಅಕ್ಕಿಯ ಬೋಂಡಾದ ಹಾಗೆ ಕಾಣುವ ಸುಪ್ಲಿಯಲ್ಲಿ ಮಾಂಸದ ಸಾಸ್ ಹಾಕಿರುವುದುಂಟು. ಪೆಕೊರಿನೊ, ಪಾರ್ಮಿಜಾನೊ ಚೀಸ್‌ಗೆ ಹಾಲು ಒಡೆಸುವುದು ಪ್ರಾಣಿಯ ಹೊಟ್ಟೆಯಿಂದ ತೆಗೆದ ಪದಾರ್ಥದಲ್ಲಿ. ಕಟ್ಟುನಿಟ್ಟಾಗಿ ಇರುವವರಿಗೆ ಆ ಆಲೂಗಡ್ಡೆಯದೇ ಗತಿ, ಇಲ್ಲ ಬರೀ ಟೊಮೆಟೊ ಹಾಕಿದ ಪಿಜ್ಜಾ ರೊಸ್ಸಾ.

ಕಾಫಿ ನಮ್ಮ ದರ್ಶಿನಿ ಥರ ಕೌಂಟರ್‌ನಲ್ಲಿ ನಿಂತು ಕುಡಿಯಿರಿ. ನಾವೊನಾ ಚೌಕದ ಹತ್ತಿರ ಕಾಲು ನೋವು ಅಂತ ಸುಮ್ನೆ ಕುರ್ಚಿಯಲ್ಲಿ ಕೂತಿದ್ದಕ್ಕೆ ಕಾಫಿಗೆ ನಾಲ್ಕು ಪಟ್ಟು ಕೊಟ್ಟೆವು. ನೀರಿನ ಬಾಟಲಿ ಮಾತ್ರ ಕೊಳ್ಳಲೇಬೇಡಿ. ಊರ ತುಂಬ ನಾಸೋನಿ ಅನ್ನುವ ಕಬ್ಬಿಣದ ನಲ್ಲಿಗಳಿವೆ, ಸುಮಾರು 2,500. ನೀರು ಸದಾ ಹರಿಯುತ್ತದೆ, ತಣ್ಣಗಿದೆ. ನಲ್ಲಿಯ ಬಾಯಿಗೆ ಬೆರಳು ಅಡ್ಡ ಹಿಡಿದರೆ ಮೇಲಿನ ತೂತಿನಿಂದ ಕಾರಂಜಿ ಥರ ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು.

ಆ ಪಿಜ್ಜಾ ಅಂಗಡಿಗೆ ಭಾನುವಾರ ರಜೆ. ನಾವು ಹೊರಟಿದ್ದು ಭಾನುವಾರವೇ. ಏರ್‌ಪೋರ್ಟಿನಲ್ಲಿ ತಣ್ಣಗಿನ ಸ್ಯಾಂಡ್‌ವಿಚ್‌ಗೆ 8 ಯೂರೋ ಕೊಟ್ಟೆ. ಅದಕ್ಕೂ ಚಟ್ನಿಪುಡಿ ಬಿತ್ತು.