ನಟ್ ತಿರುಗಬೇಕು, ಕೇಬಲ್ ಅಲ್ಲ

14 ಜೂನ್ 2024, ಶುಕ್ರವಾರ
ಪೀಣ್ಯ, ಬೆಂಗಳೂರು

ಬೆಳಗ್ಗೆಯೆಲ್ಲ ಒಂದೇ ಫಿಲ್ಟರ್, ಅಂದರೆ ಬೇಕಾದ ರೇಡಿಯೋ ಸಿಗ್ನಲ್ ಮಾತ್ರ ಬಿಡುವ ಸಾಧನದ ಮುಂದೆ ಕೂತಿದ್ದಾಯಿತು. ಅದನ್ನು ಅಳೆಯುವ ನೆಟ್‌ವರ್ಕ್ ಅನಲೈಸರ್‌ಗೆ ಕೇಬಲ್‌ನಿಂದ ಜೋಡಿಸಿದರೆ ರಿಟರ್ನ್ ಲಾಸ್ (ಸಿಗ್ನಲ್ ವಾಪಸ್ ಬರುವುದು ಎಷ್ಟು ಕಡಿಮೆ ಅನ್ನುವ ಅಳತೆ, ಹೆಚ್ಚಿದ್ದಷ್ಟೂ ಒಳ್ಳೆಯದು) 22 ಡಿಬಿ (ಡೆಸಿಬೆಲ್). ಬಿಚ್ಚಿ ಮತ್ತೆ ಹಾಕಿದರೆ 17. ಕೇಬಲ್ ಸ್ವಲ್ಪ ಅಲುಗಿದರೂ ಸ್ಕ್ರೀನಿನ ಗೆರೆ ಕುಣಿಯುತ್ತಿತ್ತು. ಹೊಸದಾಗಿ ಸೇರಿದ ಹುಡುಗ, "ಮೇಡಂ, ಫಿಲ್ಟರೇ ಸರಿ ಇಲ್ಲ ಅನ್ಸುತ್ತೆ" ಅಂದ. ಫಿಲ್ಟರ್ ಕೆಟ್ಟಿದ್ದರೆ ಪ್ರತಿ ಸಲವೂ ಒಂದೇ ಥರ ಕೆಟ್ಟದಾಗಿ ತೋರಿಸಬೇಕಿತ್ತು, ಅಲ್ವಾ?

ಕೇಬಲ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದೆವು. ಥ್ರೆಡ್ಡಿನ ಸಂದಿಯಲ್ಲಿ ಲೋಹದ ಪುಡಿ ಮಿನುಗುತ್ತಿತ್ತು. ಪಿನ್ನಿನ ಆಳ ಅಳೆಯುವ ಗೇಜ್ ಇಟ್ಟು ನೋಡಿದರೆ ನಡುವಿನ ಪಿನ್ ಇರಬೇಕಾದ್ದಕ್ಕಿಂತ ಮುಂದೆ ಬಂದಿದೆ! ಹಳೆಯ ಎಸ್‌ಎಂಎ ಕೇಬಲ್ ಅದು, ತುದಿಯಲ್ಲಿ ತಿರುಪಿನ ಚಿಕ್ಕ ಕನೆಕ್ಟರ್ ಇರುವಂಥದ್ದು. ಸಾಮಾನ್ಯ ಎಸ್‌ಎಂಎಗೆ ತಯಾರಕರು ಹೇಳುವುದೇ ಸುಮಾರು 500 ಸಲ ಹಾಕಿ ತೆಗೆಯುವಷ್ಟು ಆಯುಸ್ಸು. ಇದು ಎಷ್ಟು ಸಲ ಹಾಕಿಸಿಕೊಂಡಿತೋ, ಲೆಕ್ಕ ಇಟ್ಟವರಿಲ್ಲ. ಆ ಪಿನ್ ಎದುರಿನ 3.5 ಎಂಎಂ ಕನೆಕ್ಟರಿನ (ಎಸ್‌ಎಂಎ ಜೊತೆ ಕೂಡುವ, ಇನ್ನೂ ನಿಖರವಾದ ಬಗೆ) ಒಳಗೆ ಪಿನ್ ಹಿಡಿಯುವ ಒಂದು ಎಸಳನ್ನು ಬಗ್ಗಿಸಿಬಿಟ್ಟಿತ್ತು.

ನನ್ನ ಎದೆ ಒಮ್ಮೆ ಝಲ್ ಎಂದಿತು. ಆಮೇಲೆ ನೆನಪಾಯಿತು, ಅನಲೈಸರಿನ ಪೋರ್ಟಿಗೆ ಕನೆಕ್ಟರ್ ಸೇವರ್, ಅಂದರೆ ಪೋರ್ಟ್ ಕೆಡದಂತೆ ನಡುವೆ ಹಾಕುವ ಅಡಾಪ್ಟರ್, ಹಾಕಿಟ್ಟಿದ್ದೆವು. ಹೋದದ್ದು ಆ ಚಿಕ್ಕ ಅಡಾಪ್ಟರ್ ಮಾತ್ರ. ಅದಿಲ್ಲದಿದ್ದರೆ ಇಡೀ ಅನಲೈಸರನ್ನೇ ರಿಪೇರಿಗೆ ಕಳಿಸಬೇಕಾಗುತ್ತಿತ್ತು.

ಮಧ್ಯಾಹ್ನ ಕನೆಕ್ಟರ್ ಒರೆಸುವುದು, ಜೋಡಿಸುವುದು ಕಲಿಸಲು ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಕೈಗೆ ಇಎಸ್‌ಡಿ ಪಟ್ಟಿ (ಮೈಯ ಸ್ಥಿರ ವಿದ್ಯುತ್ತನ್ನು ನೆಲಕ್ಕೆ ಹರಿಸುವ ಪಟ್ಟಿ) ಕಟ್ಟಿಕೊಂಡೆವು. ನೂಲು ಬಿಡದ ಸ್ವಾಬ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದೆರಡು ಹನಿ, ಅಷ್ಟೇ. ಜಾಸ್ತಿ ಹಾಕಿದರೆ ಒಳಗೆ ಇಳಿಯುತ್ತದೆ. ಮೊದಲು ಥ್ರೆಡ್, ಆಮೇಲೆ ಎರಡು ಕನೆಕ್ಟರ್ ಮುಟ್ಟುವ ಅಂಚು. ನಡುವಿನ ಪಿನ್ನಿಗೆ ಪಕ್ಕದಿಂದ ಒತ್ತಡ ಕೊಡಲೇಬಾರದು. ಬಾಯಿಂದ ಊದುವುದೂ ಬೇಡ, ಉಸಿರಿನ ತೇವ ಅಂಟಿಕೊಳ್ಳುತ್ತದೆ.

ಜೋಡಿಸುವುದನ್ನು ಅವನ ಕೈಯಲ್ಲೇ ಐದಾರು ಸಲ ಮಾಡಿಸಿದೆ. ಎರಡೂ ತುದಿ ನೇರಕ್ಕೆ ಹಿಡಿಯಬೇಕು. ನಟ್ ಮಾತ್ರ ತಿರುಗಬೇಕು. ಕೇಬಲ್ ತಿರುಗಿದರೆ ಒಳಗೆ ಪಿನ್ನೂ ಎಸಳೂ ಉಜ್ಜಿ ಮೇಲಿನ ಚಿನ್ನದ ಲೇಪ ಸವೆಯುತ್ತದೆ. ಬೆರಳಲ್ಲಿ ಸಡಿಲವಾಗಿ ಕೂರಿಸಿ, ಕೊನೆಗೆ ಟಾರ್ಕ್ ರೆಂಚ್, ಅಂದರೆ ನಿಗದಿತ ಬಿಗಿತ ಬಂದಾಗ ಮಣಿಯುವ ಪಾನಾ. ಎಸ್‌ಎಂಎಗೆ 0.56 ನ್ಯೂಟನ್ ಮೀಟರ್, 3.5 ಎಂಎಂ ಜೊತೆ 3.5 ಎಂಎಂ ಆದರೆ 0.9. ರೆಂಚ್ ಮಣಿಯಲು ಶುರುವಾದ ಕೂಡಲೇ ಕೈ ನಿಲ್ಲಿಸಬೇಕು. ಅವನು ಮೊದಲ ಸಲ ಪೂರ್ತಿ ಮಣಿಯುವವರೆಗೂ ಒತ್ತಿದ. ನಾನೂ ಕಲಿಯುವಾಗ ಹಾಗೇ ಮಾಡುತ್ತಿದ್ದೆ. ಐದನೇ ಸಲಕ್ಕೆ ಅವನ ಕೈಗೆ ಹದ ಸಿಕ್ಕಿತು.

ಬೇರೆ ಕೇಬಲ್, ಹೊಸ ಸೇವರ್ ಹಾಕಿ, ಕ್ಯಾಲಿಬ್ರೇಶನ್ ಮತ್ತೆ ಮಾಡಿ ಅಳೆದೆವು. 22 ಡಿಬಿ. ಬಿಚ್ಚಿ ಹಾಕಿದರೂ 22.

ಕೆಟ್ಟ ಕೇಬಲ್‌ನ ಎರಡೂ ತುದಿ ಕತ್ತರಿಸಿದೆ. ಡ್ರಾಯರಿನಲ್ಲಿ ಹಾಗೇ ಬಿಟ್ಟರೆ ಯಾರಾದರೂ ಅವಸರದಲ್ಲಿ ಸುಮ್ನೆ ತೆಗೆದು ಹಾಕಿಬಿಡುತ್ತಾರೆ. ಉಳಿದ ಹನ್ನೊಂದು ಕೇಬಲ್ಲುಗಳನ್ನು ದೊಡ್ಡ ಸುತ್ತಾಗಿ ಸುತ್ತಿ, ತುದಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ ಇಟ್ಟಿದ್ದೇವೆ. ಸೋಮವಾರ ಒಂದೊಂದಕ್ಕೂ ಗೇಜ್ ಇಡಬೇಕು.